ಒಂದು ದೇಶ, ಹಲವು ಪಂಚಾಂಗ: ಇಂಡೊನೇಷ್ಯಾದಲ್ಲಿ ಹಬ್ಬಗಳಿಗೆ ಜಾಗ ಸಿಕ್ಕ ಬಗೆ

2023ರ ಮಾರ್ಚ್ 22ರಂದು ಕರ್ನಾಟಕದ ಮನೆಗಳಲ್ಲಿ ಬೇವು-ಬೆಲ್ಲ ಹಂಚುತ್ತಿದ್ದಾಗ ಇಂಡೊನೇಷ್ಯಾದ ಬಾಲಿ ದ್ವೀಪ ಬಾಗಿಲು ಹಾಕಿಕೊಂಡು ಕುಳಿತಿತ್ತು. ಅಂದು ಅಲ್ಲಿ ನ್ಯೆಪಿ, ಮೌನದ ಹಬ್ಬ. ನಮ್ಮ ಪಂಚಾಂಗದಲ್ಲಿ ಶಾಲಿವಾಹನ ಶಕೆ 1945 ತೊಡಗಿದಂತೆ ಬಾಲಿಯ ಹಿಂದೂಗಳಿಗೂ ಅದು ಶಕ 1945ರ ಮೊದಲ ದಿನ. ನ್ಯೆಪಿಯಂದು ಬೆಂಕಿ ಹಚ್ಚುವಂತಿಲ್ಲ, ಕೆಲಸ ಮಾಡುವಂತಿಲ್ಲ, ಮನೆಯಿಂದ ಹೊರಡುವಂತಿಲ್ಲ, ಆಟ-ಪಾಟಗಳಲ್ಲಿ ತೊಡಗುವಂತಿಲ್ಲ. ವಿಮಾನ ನಿಲ್ದಾಣವನ್ನು 24 ಗಂಟೆ ಮುಚ್ಚುತ್ತಾರೆ. 2018ರಿಂದ ಮೊಬೈಲ್ ಇಂಟರ್ನೆಟ್ಟನ್ನೂ ನಿಲ್ಲಿಸುತ್ತಿದ್ದಾರೆ. ಅದೇ ದಿನ ಸಂಜೆ ದೇಶದ ಉಳಿದೆಡೆ ಮುಸ್ಲಿಮರು ರಂಜಾನ್ ತಿಂಗಳ ಮೊದಲ ತರಾವೀಹ್ ನಮಾಜಿಗೆ ಸಾಲುಗಟ್ಟಿದರು. ಬಾಲಿಯ ಮುಸ್ಲಿಮರು ಮಾತ್ರ ಧ್ವನಿವರ್ಧಕವಿಲ್ಲದೆ, ಮನೆಯಲ್ಲೋ ಕಾಲ್ನಡಿಗೆಗೆ ಸಿಗುವ ಮಸೀದಿಯಲ್ಲೋ ನಮಾಜು ಮುಗಿಸಬೇಕಿತ್ತು.

ಸುಮಾರು 28 ಕೋಟಿ ಜನರ ಈ ದೇಶದಲ್ಲಿ ನೂರಕ್ಕೆ 87ರಷ್ಟು ಮಂದಿ ಮುಸ್ಲಿಮರು. ಹೀಗಿದ್ದೂ ಅಲ್ಲಿ ಹಿಂದೂಗಳ ನ್ಯೆಪಿಗೆ, ಬೌದ್ಧರ ವೈಶಾಖಕ್ಕೆ, ಚೀನೀಯರ ಹೊಸ ವರ್ಷಕ್ಕೆ, ಕ್ರೈಸ್ತರ ಶುಭ ಶುಕ್ರವಾರಕ್ಕೆ ದೇಶವಿಡೀ ರಜೆ. ಇದನ್ನು ಕಂಡವರು ಎರಡು ಬಗೆಯ ತೀರ್ಪು ಕೊಡುವುದುಂಟು. ಜಾವಾದ ಮಣ್ಣೇ ಅಷ್ಟು ಸಾತ್ವಿಕ ಎಂದು ಕೆಲವರು ಹೊಗಳುತ್ತಾರೆ. ಇದೆಲ್ಲ ಪ್ರವಾಸಿಗರನ್ನು ಸೆಳೆಯಲು ಹಚ್ಚಿದ ಬಣ್ಣ ಎಂದು ಇನ್ನು ಕೆಲವರು ತಳ್ಳಿಹಾಕುತ್ತಾರೆ. ಎರಡೂ ಅರೆಬರೆ ಮಾತು. ಅಲ್ಲಿ ಒಂದೊಂದು ಹಬ್ಬವೂ ತನ್ನ ಜಾಗವನ್ನು ಗಳಿಸಿಕೊಂಡಿದೆ, ಕೆಲವು ಕಳೆದುಕೊಂಡಿವೆ, ಕೆಲವು ಕಳೆದುಕೊಂಡು ಮತ್ತೆ ಪಡೆದಿವೆ. ಹಬ್ಬಕ್ಕೆ ರಜೆ ಕೊಡುವುದು ಸರ್ಕಾರವಾದರೂ ಬೀದಿಯನ್ನು ಬಿಟ್ಟುಕೊಡುವುದು ಊರು. ಎರಡೂ ಕೂಡಿದಲ್ಲಿ ಮಾತ್ರ ಹಬ್ಬ ಗಟ್ಟಿಯಾಗಿ ನಿಂತಿದೆ.

ಕ್ಯಾಲೆಂಡರಿನಲ್ಲಿ ಜಾಗ

ಇಂಡೊನೇಷ್ಯಾ ಇಸ್ಲಾಮಿಕ್ ರಾಷ್ಟ್ರವಲ್ಲ. ಪಾಶ್ಚಾತ್ಯ ಮಾದರಿಯ ಸೆಕ್ಯುಲರ್ ರಾಷ್ಟ್ರವೂ ಅಲ್ಲ. 1945ರ ಜೂನ್‌ನಲ್ಲಿ ಸಿದ್ಧವಾದ ಜಕಾರ್ತಾ ಕರಡಿನಲ್ಲಿ ಮುಸ್ಲಿಮರು ಷರಿಯತ್ ಪಾಲಿಸಬೇಕೆಂಬ ಮಾತಿತ್ತು. ಪೂರ್ವದ ದ್ವೀಪಗಳ ಕ್ರೈಸ್ತರು ಇದನ್ನು ಒಪ್ಪುವುದಿಲ್ಲ ಎಂಬುದು ಸ್ಪಷ್ಟವಾದಾಗ, ಸ್ವಾತಂತ್ರ್ಯ ಘೋಷಣೆಯ ಮರುದಿನವೇ, ಆಗಸ್ಟ್ 18ರಂದು, ಸ್ವಾತಂತ್ರ್ಯ ಹೋರಾಟದ ನಾಯಕ ಮೊಹಮ್ಮದ್ ಹಟ್ಟಾ ಮುಂದಾಗಿ ಮುಸ್ಲಿಂ ನಾಯಕರನ್ನು ಒಪ್ಪಿಸಿ ಆ ಮಾತನ್ನು ಬಿಡಿಸಿದರು. ಅದರ ಬದಲು ‘ಏಕೈಕ ಪರಮ ದೈವದಲ್ಲಿ ನಂಬಿಕೆ’ ಎಂಬುದು ಪಂಚಶೀಲದ, ಅಂದರೆ ಅವರ ‘ಪಂಚಸಿಲಾ’ದ, ಮೊದಲ ತತ್ತ್ವವಾಯಿತು. ಮರುವರ್ಷ, 1946ರ ಜನವರಿಯಲ್ಲಿ, ಧರ್ಮ ಖಾತೆ ಹುಟ್ಟಿತು. ಯಾವುದು ಧರ್ಮ, ಯಾವುದು ಬರಿಯ ಆಚಾರ ಎಂದು ವಿಂಗಡಿಸುವ ಅಧಿಕಾರ ಹೀಗೆ ಸರ್ಕಾರದ ಕೈಗೆ ಬಂತು.

ಈ ವಿಂಗಡಣೆಯ ಬಿಸಿ ಮೊದಲು ತಟ್ಟಿದ್ದು ಬಾಲಿಗೆ. ಧರ್ಮವೆಂದರೆ ಒಬ್ಬನೇ ದೇವರು ಇರಬೇಕು, ಗ್ರಂಥವಿರಬೇಕು, ಪ್ರವಾದಿಯಿರಬೇಕು ಎಂಬ ಅಳತೆಗೋಲಿಗೆ ಬಾಲಿಯ ಪೂಜೆ-ಪುನಸ್ಕಾರ ಹೊಂದಲಿಲ್ಲ. ಅಲ್ಲಿನ ಪಂಡಿತರು, ಓದಿದ ತರುಣರು ವರ್ಷಗಟ್ಟಲೆ ವಾದಿಸಿದರು. ಎಲ್ಲ ದೇವತೆಗಳ ಮೂಲ ‘ಸಂಗ್ ಹ್ಯಾಂಗ್ ವಿಧಿ’ ಎಂಬ ಒಂದೇ ತತ್ತ್ವ ಎಂದು ನಿರೂಪಿಸಿದರು. 1950ರ ದಶಕ ಮುಗಿಯುವ ಹೊತ್ತಿಗೆ ಹಿಂದೂ ಧರ್ಮಕ್ಕೆ ಖಾತೆಯ ಮಾನ್ಯತೆ ಸಿಕ್ಕಿತು. ನ್ಯೆಪಿಗೆ ರಾಷ್ಟ್ರೀಯ ರಜೆ ಸಿಕ್ಕಿದ್ದು 1983ರಲ್ಲಿ, ಬೌದ್ಧರ ವೈಶಾಖದ ಜೊತೆಗೆ.

ಚೀನೀಯರ ಹೊಸ ವರ್ಷವಾದ ಇಮ್ಲೆಕ್‌ನ ಕಥೆ ಇನ್ನೂ ಕಠಿಣ. 1967ರಲ್ಲಿ, ಆಗ ದೇಶವನ್ನು ಆಳುತ್ತಿದ್ದ ಸುಹಾರ್ತೊ ಹೊರಡಿಸಿದ ಆದೇಶ ಚೀನೀ ಆಚರಣೆಗಳನ್ನು ಮನೆಯ ನಾಲ್ಕು ಗೋಡೆಗಳೊಳಗೆ ಅಟ್ಟಿತು. ಸಿಂಹ ನೃತ್ಯ ಬೀದಿಗೆ ಬರುವಂತಿರಲಿಲ್ಲ. ಒಂದು ತಲೆಮಾರಿನ ಮಕ್ಕಳು ಅಜ್ಜ-ಅಜ್ಜಿಯರ ಹಬ್ಬವನ್ನು ಕಿಟಕಿ ಮುಚ್ಚಿ ಆಚರಿಸುತ್ತ ಬೆಳೆದರು. 1998ರ ಮೇ ತಿಂಗಳ ಗಲಭೆಯಲ್ಲಿ ಚೀನೀ ಮೂಲದವರ ಅಂಗಡಿ-ಮನೆಗಳು ಸುಟ್ಟುಹೋದವು, ಹೆಂಗಸರ ಮೇಲೆ ಅತ್ಯಾಚಾರಗಳಾದವು. ಸುಹಾರ್ತೊ ಬಿದ್ದ ಬಳಿಕ ಆ ಆದೇಶವನ್ನು 2000ದಲ್ಲಿ ರದ್ದುಪಡಿಸಿದವರು ಅಧ್ಯಕ್ಷ ಅಬ್ದುರ್ರಹ್ಮಾನ್ ವಾಹಿದ್. ದೇಶದ ದೊಡ್ಡ ಮುಸ್ಲಿಂ ಸಂಘಟನೆಯಾದ ನಹ್ದಲತುಲ್ ಉಲಮಾವನ್ನು ವರ್ಷಗಟ್ಟಲೆ ಮುನ್ನಡೆಸಿದ್ದವರು, ಅದರ ಸ್ಥಾಪಕ ಹಾಶಿಂ ಅಶ್ಅರಿಯವರ ಮೊಮ್ಮಗ. ಅಲ್ಪಸಂಖ್ಯಾತರ ಹಬ್ಬದ ಬೀಗ ತೆಗೆದವರು ಒಬ್ಬ ಮೌಲ್ವಿ ಮನೆತನದವರು ಎಂಬುದನ್ನು ನಾನು ಆಕಸ್ಮಿಕ ಎಂದುಕೊಳ್ಳುವುದಿಲ್ಲ. ಮುಂದೆ ಅಧ್ಯಕ್ಷೆ ಮೇಘಾವತಿ ಸುಕರ್ಣೊಪುತ್ರಿ 2002ರಲ್ಲಿ ಆದೇಶ ಹೊರಡಿಸಿ, 2003ರಿಂದ ಇಮ್ಲೆಕ್‌ಗೆ ರಾಷ್ಟ್ರೀಯ ರಜೆ ಕೊಟ್ಟರು.

ಬಹುಸಂಖ್ಯಾತರೊಳಗಿನ ಬಹುತ್ವ

ಮುಸ್ಲಿಂ ಬಹುಸಂಖ್ಯಾತ ದೇಶ ಎಂದಕೂಡಲೇ ಮುಸ್ಲಿಮರೆಲ್ಲ ಒಂದೇ ಬಗೆಯಲ್ಲಿ ಹಬ್ಬ ಮಾಡುತ್ತಾರೆ ಎಂದುಕೊಂಡರೆ ಅದು ತಪ್ಪು. ರಂಜಾನ್ ಮುಗಿದ ಮೇಲಿನ ಈದ್, ಅಲ್ಲಿನವರ ಬಾಯಲ್ಲಿ ‘ಲೆಬಾರಾನ್’, ಯಾವತ್ತು ಎಂಬುದೇ ಎಷ್ಟೋ ಸಲ ಚರ್ಚೆಯ ವಿಷಯ. 1912ರಲ್ಲಿ ಹುಟ್ಟಿದ ಮುಹಮ್ಮದಿಯಾ ಸಂಘಟನೆ ಖಗೋಳ ಲೆಕ್ಕದಿಂದ ದಿನ ಗೊತ್ತುಮಾಡುತ್ತದೆ. 1926ರಲ್ಲಿ ಹುಟ್ಟಿದ ನಹ್ದಲತುಲ್ ಉಲಮಾ ಚಂದ್ರನನ್ನು ಕಣ್ಣಾರೆ ನೋಡಬೇಕೆನ್ನುತ್ತದೆ. ಧರ್ಮ ಖಾತೆ ಸಭೆ ಕರೆದು ಸರ್ಕಾರದ ದಿನವನ್ನು ಸಾರುತ್ತದೆ. 2023ರಲ್ಲಿ ಮುಹಮ್ಮದಿಯಾದವರು ಏಪ್ರಿಲ್ 21ಕ್ಕೆ ಈದ್ ಮಾಡಿದರೆ, ಸರ್ಕಾರ ಮತ್ತು ನಹ್ದಲತುಲ್ ಉಲಮಾದವರು 22ಕ್ಕೆ ಮಾಡಿದರು. ಒಂದೇ ಬೀದಿಯಲ್ಲಿ ಒಂದು ಮನೆಯವರು ಹಬ್ಬದೂಟ ಮಾಡುವಾಗ ಪಕ್ಕದ ಮನೆಯವರು ಉಪವಾಸವಿರುತ್ತಾರೆ. ಬೇರೆ ಮತದವರನ್ನು ಸೈರಿಸುವುದಕ್ಕಿಂತ ಮೊದಲು ತಮ್ಮವರದೇ ಬೇರೆ ಲೆಕ್ಕವನ್ನು ಸೈರಿಸುವ ಈ ಅಭ್ಯಾಸ ದೊಡ್ಡ ಪಾಠಶಾಲೆ.

ಲೆಬಾರಾನ್‌ಗೆ ಊರಿಗೆ ಮರಳುವ ‘ಮುದಿಕ್’ ಎಂಬ ಪಯಣವನ್ನು ನೋಡದೆ ಆ ದೇಶವನ್ನು ತಿಳಿಯಲಾಗದು. 2024ರಲ್ಲಿ 19 ಕೋಟಿಗೂ ಹೆಚ್ಚು ಜನ ಊರಿಗೆ ಹೋಗಬಹುದೆಂದು ಸಾರಿಗೆ ಖಾತೆ ಅಂದಾಜು ಮಾಡಿತ್ತು. ಮಾಲೀಕರು ಕಾರ್ಮಿಕರಿಗೆ ಹಬ್ಬದ ಭತ್ಯೆ ಕೊಡಲೇಬೇಕು. ಒಂದು ವರ್ಷ ದುಡಿದವರಿಗೆ ಅದು ಒಂದು ತಿಂಗಳ ಸಂಬಳ. ಊರು ಮುಟ್ಟಿದವರು ಹಿರಿಯರ ಮುಂದೆ ಮಂಡಿಯೂರಿ, ಅವರ ಕೈಗೆ ಹಣೆ ಹಚ್ಚಿ, ವರ್ಷವಿಡೀ ಆದ ತಪ್ಪುಗಳಿಗೆ ಕ್ಷಮೆ ಬೇಡುತ್ತಾರೆ. ಊಟಕ್ಕೆ ಕೋಳಿ ಸಾರು, ಜೊತೆಗೆ ‘ಕೆತುಪಾತ್’: ನಮ್ಮ ಕರಾವಳಿಯ ಮೂಡೆಯ ಹಾಗೆ, ಎಳೆ ತೆಂಗಿನ ಗರಿಯಲ್ಲಿ ಹೆಣೆದ ಪೊಟ್ಟಣಕ್ಕೆ ಅಕ್ಕಿ ತುಂಬಿ ಬೇಯಿಸಿದ್ದು. ಈ ಕ್ಷಮೆಯ ಕೂಟಗಳು ಮನೆಗೇ ಮುಗಿಯುವುದಿಲ್ಲ. ‘ಹಲಾಲ್ ಬಿಹಲಾಲ್’ ಎಂಬ ಹೆಸರಿನಲ್ಲಿ ಕಚೇರಿ, ಶಾಲೆ, ಬಡಾವಣೆಗಳಲ್ಲೂ ನಡೆಯುತ್ತವೆ. ಅಲ್ಲಿಗೆ ಎಲ್ಲ ಮತದವರೂ ಬರುತ್ತಾರೆ.

ಪ್ರವಾದಿ ಹುಟ್ಟಿದ ತಿಂಗಳಲ್ಲಿ ಜಾವಾದ ಯೋಗ್ಯಕರ್ತದಲ್ಲಿ ನಡೆಯುವ ಸೆಕಾತೆನ್ ಇನ್ನೊಂದು ನಿದರ್ಶನ. ಅರಮನೆಯಿಂದ ‘ಗುಂತುರ್ ಮಾದು’, ‘ನಾಗವಿಲಗ’ ಎಂಬ ಎರಡು ಗಮೆಲಾನ್ ವಾದ್ಯಮೇಳಗಳನ್ನು ಹೊತ್ತು ತಂದು ದೊಡ್ಡ ಮಸೀದಿಯ ಅಂಗಳದಲ್ಲಿ ಇಡುತ್ತಾರೆ. ವಾರವಿಡೀ ಮಸೀದಿಯ ಮುಂದೆ ಕಂಚಿನ ನಾದ. ಮೊದಲ ಪೆಟ್ಟು ಬೀಳುವಾಗ ವೀಳ್ಯ ಜಗಿದರೆ ಆರೋಗ್ಯ, ಆಯುಷ್ಯ ಎಂದು ನಂಬಿದ ಅಜ್ಜಿಯರು ಎಲೆ-ಅಡಿಕೆ ಹಿಡಿದು ಕಾಯುತ್ತಾರೆ. ಕಡ್ಡಿಗೆ ಸಿಕ್ಕಿಸಿದ ಕೆಂಪು ಬಣ್ಣದ ಮೊಟ್ಟೆ ಮಾರುವವರು ಪಕ್ಕದಲ್ಲೇ ಕೂತಿರುತ್ತಾರೆ. ಕೊನೆಯ ದಿನ ಅಲಸಂದೆ ಕಾಯಿ, ಮೆಣಸಿನಕಾಯಿ, ಅಕ್ಕಿಯ ತಿನಿಸುಗಳಿಂದ ಕಟ್ಟಿದ ‘ಗುನುಂಗನ್’ ಬೆಟ್ಟ ಅರಮನೆಯಿಂದ ಹೊರಡುತ್ತದೆ. ಪ್ರಾರ್ಥನೆ ಮುಗಿದ ಮೇಲೆ ಜನ ಅದರ ಚೂರನ್ನಾದರೂ ಪಡೆದು ಗದ್ದೆಗೆ ಒಯ್ಯುತ್ತಾರೆ. ಗಮೆಲಾನ್ ನುಡಿಸಿ ಜನರನ್ನು ಇಸ್ಲಾಮಿನತ್ತ ಸೆಳೆದವರು ‘ವಾಲಿ ಸೊಂಗೊ’, ಅಂದರೆ ಒಂಬತ್ತು ಸಂತರು, ಎಂದು ಜಾವಾದವರು ಹೇಳುತ್ತಾರೆ.

ಇದೇ ಮಸೀದಿಯ ಸುತ್ತಲಿನ ಕೌಮಾನ್ ಕೇರಿಯಲ್ಲಿ ಮುಹಮ್ಮದಿಯಾ ಹುಟ್ಟಿದ್ದು. ಅದನ್ನು ಕಟ್ಟಿದ ಅಹ್ಮದ್ ದಹ್ಲಾನ್ ಈ ಮಸೀದಿಯಲ್ಲೇ ಪ್ರವಚನಕಾರರಾಗಿದ್ದರು. ಕುರಾನಿನಲ್ಲಿ ಇಲ್ಲದ ಆಚರಣೆಗಳನ್ನು ಕಳೆಯಬೇಕೆಂದ ಸುಧಾರಣೆಯೂ, ಅರಮನೆಯ ಗಮೆಲಾನೂ ನೂರು ವರ್ಷಗಳಿಂದ ಒಂದೇ ಅಂಗಳದ ಆಚೀಚೆ ಬಾಳಿವೆ. ಸುಧಾರಕರು ಶಾಲೆ, ಆಸ್ಪತ್ರೆ ಕಟ್ಟಿದರು. ಗಮೆಲಾನ್ ಒಡೆಯಲು ಹೋಗಲಿಲ್ಲ. ಭಿನ್ನಾಭಿಪ್ರಾಯ ಎಂದರೆ ಹೀಗಿರಬೇಕು.

ಈ ಬೆರಕೆಗೆ ಅರಸರ ಕೈಯೂ ಇದೆ. 1633ರಲ್ಲಿ ಜಾವಾದ ಮಾತಾರಂ ರಾಜ್ಯದ ಸುಲ್ತಾನ್ ಅಗುಂಗ್ ಹಿಜರಿಯ ಚಾಂದ್ರಮಾನ ತಿಂಗಳುಗಳನ್ನು ತಂದರೂ ಶಕ ವರ್ಷದ ಎಣಿಕೆಯನ್ನು ಕೈಬಿಡಲಿಲ್ಲ. 1555ನೇ ಶಕ ವರ್ಷಕ್ಕೆ ಹೊಸ ತಿಂಗಳುಗಳನ್ನು ಜೋಡಿಸಿ ಎಣಿಕೆಯನ್ನು ಮುಂದುವರಿಸಿದ. ಹಾಗಾಗಿ ಮೊಹರಂ ಮೊದಲ ದಿನವೇ ಜಾವಾದವರಿಗೆ ‘ಸುರೊ’ ತಿಂಗಳ ಹೊಸ ವರ್ಷ. ಆ ರಾತ್ರಿ ಯೋಗ್ಯಕರ್ತದಲ್ಲಿ ಜನ ಮಾತಿಲ್ಲದೆ ಕೋಟೆ ಸುತ್ತುತ್ತಾರೆ. ಸುರಕರ್ತದಲ್ಲಿ ಅರಮನೆಯ ಬಿಳಿ ಕೋಣಗಳು ಮೆರವಣಿಗೆಯ ಮುಂದೆ ನಡೆಯುತ್ತವೆ. ಕುದುಸ್ ಪಟ್ಟಣದಲ್ಲಿ ಸುನನ್ ಕುದುಸ್ ಹೆಸರಿನ 16ನೇ ಶತಮಾನದ ಮಸೀದಿಗೆ ಕೆಂಪು ಇಟ್ಟಿಗೆಯ, ದೇಗುಲದ ಗೋಪುರವನ್ನು ಹೋಲುವ ಮಿನಾರು ಇದೆ. ಹಿಂದೂಗಳ ಮನಸ್ಸು ನೋಯಬಾರದೆಂದು ಹಸುವನ್ನು ಕಡಿಯಬೇಡಿ ಎಂದು ಆ ಸಂತ ಹೇಳಿದ್ದನಂತೆ. ಬಕ್ರೀದ್‌ಗೆ ಇಂದಿಗೂ ಅಲ್ಲಿ ಕೋಣವನ್ನು ಕುರ್ಬಾನಿ ಕೊಡುವುದು ರೂಢಿ. ಸುತ್ತಲಿನ ಜನ ಮುಸ್ಲಿಮರಾಗಿ ಶತಮಾನಗಳು ಕಳೆದರೂ ಆ ಮಾತನ್ನು ಮೀರಿಲ್ಲ.

ಕೈ ಕೂಡಿದ ಹಬ್ಬಗಳು

ಲೊಂಬೊಕ್ ದ್ವೀಪದ ಲಿಂಗ್ಸಾರ್ ದೇಗುಲ 18ನೇ ಶತಮಾನದ್ದು. ಒಂದೇ ಆವರಣದಲ್ಲಿ ಬಾಲಿ ಹಿಂದೂಗಳ ಗುಡಿಯೂ ಇದೆ, ಸಸಾಕ್ ಮುಸ್ಲಿಮರು ಪವಿತ್ರವೆಂದು ಕಾಣುವ ನೀರಿನ ಬುಗ್ಗೆಯ ಅಂಗಳವೂ ಇದೆ. ಮಳೆಗಾಲ ತೊಡಗುವ ಹೊತ್ತಿನ ಹುಣ್ಣಿಮೆಗೆ ಇಬ್ಬರೂ ತಂತಮ್ಮ ಪೂಜೆ ಸಲ್ಲಿಸಿ, ಇಳಿಹೊತ್ತಿಗೆ ಎದುರುಬದುರು ನಿಲ್ಲುತ್ತಾರೆ. ಆಮೇಲೆ ‘ಪೆರಾಂಗ್ ತೊಪಾತ್’, ಕೆತುಪಾತ್ ಯುದ್ಧ. ಎರಡೂ ಕಡೆಯವರು ಅಕ್ಕಿಯ ಪೊಟ್ಟಣಗಳನ್ನು ಎಸೆದಾಡುತ್ತಾರೆ, ನಗುತ್ತಾರೆ. ಕೆಳಗೆ ಬಿದ್ದದ್ದನ್ನು ಆಯ್ದು ಹೊಲದಲ್ಲಿ ಹೂಳಿದರೆ ಬೆಳೆ ಚೆನ್ನ ಎಂಬ ನಂಬಿಕೆ. ಆ ಆವರಣಕ್ಕೆ ಹಂದಿ ಮಾಂಸವೂ ಬರುವುದಿಲ್ಲ, ದನದ ಮಾಂಸವೂ ಬರುವುದಿಲ್ಲ. ಯಾವ ಕಾನೂನೂ ಬರೆಯದ ಈ ಕಟ್ಟುಪಾಡನ್ನು ಎರಡೂ ಕಡೆಯ ರೈತರೇ ಕಾಯ್ದುಕೊಂಡಿದ್ದಾರೆ. ಮಳೆ, ನೀರು, ಗದ್ದೆ ಇಬ್ಬರಿಗೂ ಒಂದೇ ಆದದ್ದರಿಂದ ಹಬ್ಬವೂ ಒಂದಾಯಿತು.

ಪಶ್ಚಿಮ ಸುಮಾತ್ರದ ಪರಿಯಾಮನ್‌ನಲ್ಲಿ ಮೊಹರಂ ಹಬ್ಬಕ್ಕೆ ‘ತಾಬುಯಿಕ್’ ಎಂದು ಹೆಸರು. ಬ್ರಿಟಿಷರ ಕಾಲದಲ್ಲಿ ಬೆಂಕುಲು ಕೋಟೆಗೆ ಹೋಗಿದ್ದ ಭಾರತದ ಸಿಪಾಯಿಗಳ ಮೂಲಕ ಬಂದ ಆಚರಣೆ ಇದು. ಹೆಣ್ಣಿನ ಮುಖದ, ರೆಕ್ಕೆಯಿರುವ ಬುರಾಕ್ ಕುದುರೆಯ ಮೇಲೆ ಮಹಡಿ ಮಹಡಿಯಾಗಿ ಕಟ್ಟಿದ ಎರಡು ಗೋಪುರಗಳನ್ನು ಎರಡು ಕೇರಿಯವರು ಹೊತ್ತು ತಂದು ಸಂಜೆ ಸಮುದ್ರಕ್ಕೆ ಬಿಡುತ್ತಾರೆ. ಇಮಾಮ್ ಹುಸೇನರ ಶೋಕದ ಈ ಹಬ್ಬವನ್ನು ಮಾಡುವವರು ಸುನ್ನಿಗಳು. ಮುಸ್ಲಿಂ ಮನೆಯೇ ಇಲ್ಲದ ಹಳ್ಳಿಗಳಲ್ಲೂ ಅಲಾವಿ ಹಬ್ಬ ಮಾಡಿ, ಡೋಲಿ ಎತ್ತಿ, ಹೆಜ್ಜೆ ಕುಣಿಯುವ ಉತ್ತರ ಕರ್ನಾಟಕದವರಿಗೆ ಇದು ಹೊಸದೆನಿಸದು. ಮತದ ಲೆಕ್ಕಕ್ಕೆ ಸಿಗದ ಹಬ್ಬವನ್ನು ಊರು ತನ್ನದೆಂದು ಒಪ್ಪಿಕೊಳ್ಳುವುದು ಹೀಗೆ.

ಸೆಮರಾಂಗ್‌ನಲ್ಲಿ ರಂಜಾನ್ ಬರುವ ಮುನ್ನ ‘ದುಗ್ದೆರಾನ್’ ಜಾತ್ರೆ ಸೇರುತ್ತದೆ. ಅದರ ಲಾಂಛನವಾದ ‘ವರಕ್ ಙೆಂದೊಗ್’ ಎಂಬ ಕಲ್ಪನೆಯ ಪ್ರಾಣಿಯಲ್ಲಿ ಜಾವಾ, ಅರಬ್, ಚೀನೀ ಜನರ ಕೂಟವನ್ನು ಊರವರು ಕಾಣುತ್ತಾರೆ. ಬೋರ್ನಿಯೊದ ಸಿಂಕವಾಂಗ್‌ನಲ್ಲಿ ಚೀನೀ ಹೊಸ ವರ್ಷದ 15ನೇ ದಿನ ಮೈಮೇಲೆ ದೈವ ಬಂದವರ ಮೆರವಣಿಗೆಯಲ್ಲಿ ಚೀನೀಯರ ಜೊತೆ ಡಯಾಕ್ ಬುಡಕಟ್ಟಿನವರೂ ನಡೆಯುತ್ತಾರೆ.

ಜಾಗ ಸಿಗದವರು

ಇಷ್ಟಕ್ಕೇ ನಿಲ್ಲಿಸಿದರೆ ಸಮೀಕ್ಷೆ ಅರ್ಧವಾಗುತ್ತದೆ. ಕೆತುಪಾತ್ ಯುದ್ಧ ನಡೆಯುವ ಅದೇ ಲಿಂಗ್ಸಾರ್ ತಾಲ್ಲೂಕಿನಿಂದ 2006ರಲ್ಲಿ ಅಹ್ಮದೀಯ ಪಂಥದವರನ್ನು ಮನೆ ಸುಟ್ಟು ಓಡಿಸಲಾಯಿತು. ಲೊಂಬೊಕ್ ದ್ವೀಪದ ಮತಾರಂ ನಗರದ ಒಂದು ನಿರಾಶ್ರಿತರ ಕಟ್ಟಡದಲ್ಲಿ ಅವರ ಮಕ್ಕಳು ಬೆಳೆದು ದೊಡ್ಡವರಾದರು. ಹಿಂದೂ ನೆರೆಯವನ ಜೊತೆ ಅನ್ನದ ಪೊಟ್ಟಣ ಎಸೆದಾಡಿದ ಸೀಮೆಯೇ ತನ್ನನ್ನು ಮುಸ್ಲಿಂ ಎಂದು ಕರೆದುಕೊಳ್ಳುವ ಇನ್ನೊಬ್ಬ ನೆರೆಯವನನ್ನು ಸಹಿಸಲಿಲ್ಲ. ಒಂದು ಹಬ್ಬದ ಸ್ನೇಹ ತಾನಾಗಿಯೇ ಇನ್ನೊಬ್ಬರಿಗೆ ಹರಿಯುವುದಿಲ್ಲ. ಹಬ್ಬಗಳ ಬಣ್ಣವನ್ನು ಹೊಗಳುವಾಗ ನಾವು ಮರೆಯುವುದು ಇದನ್ನೇ.

ಪೂಜಾಸ್ಥಳ ಕಟ್ಟಲು 2006ರ ಸರ್ಕಾರಿ ನಿಯಮದಂತೆ 90 ಮಂದಿ ಭಕ್ತರ ಹೆಸರು, ಜೊತೆಗೆ ಊರಿನ 60 ಮಂದಿಯ ಒಪ್ಪಿಗೆ ಬೇಕು. ಊರಿನ ಮಾತಿಗೆ ಬೆಲೆ ಕೊಡುವಂತೆ ಕಾಣುವ ಈ ನಿಯಮ ಅಲ್ಪಸಂಖ್ಯಾತರ ಕೊರಳಿಗೆ ಹಗ್ಗವಾಗಿದೆ. ಬೊಗೊರ್‌ನ ಯಾಸ್ಮಿನ್ ಚರ್ಚಿನವರ ಪರವಾಗಿ ಸುಪ್ರೀಂ ಕೋರ್ಟೇ ತೀರ್ಪು ಕೊಟ್ಟರೂ ಬೀಗ ತೆಗೆಯಲಿಲ್ಲ. ಅವರು ವರ್ಷಗಟ್ಟಲೆ ಜಕಾರ್ತಾದ ಅಧ್ಯಕ್ಷರ ಅರಮನೆಯ ಎದುರು ಬಿಸಿಲು-ಮಳೆಯಲ್ಲಿ ಪ್ರಾರ್ಥಿಸಿದರು. ಕ್ರಿಸ್‌ಮಸ್ಸನ್ನೂ ಅಲ್ಲೇ ಮಾಡಿದರು. ಕ್ಯಾಲೆಂಡರಿನಲ್ಲಿ ಕ್ರಿಸ್‌ಮಸ್‌ಗೆ ರಜೆ ಇದೆ. ಹಬ್ಬ ಮಾಡಲು ಸೂರು ಇರಲಿಲ್ಲ.

ಅದೇ ಕ್ರಿಸ್‌ಮಸ್‌ನ ಇನ್ನೊಂದು ನೆನಪೂ ಇದೆ. 2000ದ ಡಿಸೆಂಬರ್ 24ರ ರಾತ್ರಿ ಹಲವು ನಗರಗಳ ಚರ್ಚುಗಳಲ್ಲಿ ಬಾಂಬುಗಳು ಸಿಡಿದವು. ಮೊಜೊಕೆರ್ತೊದ ಚರ್ಚೊಂದನ್ನು ಕಾಯುತ್ತಿದ್ದ ರಿಯಾಂತೊ ನಹ್ದಲತುಲ್ ಉಲಮಾದ ಸ್ವಯಂಸೇವಕ ದಳದ ತರುಣ. ಸಿಕ್ಕ ಬಾಂಬನ್ನು ಜನರಿಂದ ದೂರ ಒಯ್ಯುವಾಗ ಅದು ಸಿಡಿದು ಅವನು ಸತ್ತ. ಇಂದಿಗೂ ಆ ದಳದವರು ಕ್ರಿಸ್‌ಮಸ್ ರಾತ್ರಿ ಚರ್ಚುಗಳಿಗೆ ಕಾವಲು ನಿಲ್ಲುತ್ತಾರೆ. ಒಬ್ಬ ಮುಸ್ಲಿಂ ತರುಣ ಪ್ರಾಣ ಕೊಟ್ಟು ಕಾಯ್ದ ಹಬ್ಬಕ್ಕೆ 60 ಸಹಿಗಳ ಲೆಕ್ಕ ಕೇಳುವುದು ಆ ದೇಶಕ್ಕೆ ಶೋಭೆಯಲ್ಲ.

ಸರ್ಕಾರ ಮಾನ್ಯ ಮಾಡಿದ ಆರು ಧರ್ಮಗಳ ಪಟ್ಟಿಗೆ ಸೇರದ ನಾಡ ನಂಬಿಕೆಗಳ ಗತಿ ಇನ್ನೂ ಕಷ್ಟ. ಪಶ್ಚಿಮ ಜಾವಾದ ಚಿಗುಗುರ್‌ನಲ್ಲಿ ಸುಂದಾ ವಿವಿತಾನ್ ಪಂಥದವರು ಮಾಡುವ ‘ಸೆರೆನ್ ತೌನ್’ ಸುಗ್ಗಿ ಹಬ್ಬ ಸುಹಾರ್ತೊ ಕಾಲದಲ್ಲಿ ನಿಷೇಧಕ್ಕೊಳಗಾಗಿ, ಅವರ ಪತನದ ಬಳಿಕವೇ ಮರಳಿತು. ಗುರುತಿನ ಚೀಟಿಯಲ್ಲಿ ಇಂಥವರು ತಮ್ಮ ನಂಬಿಕೆಯನ್ನು ಬರೆಸಬಹುದು ಎಂದು ಸಂವಿಧಾನ ನ್ಯಾಯಾಲಯ ಹೇಳಿದ್ದು 2017ರಲ್ಲಿ. ಮರುವರ್ಷವೇ ಯೋಗ್ಯಕರ್ತದ ಬಂತುಲ್ ಕರಾವಳಿಯಲ್ಲಿ ಮೀನುಗಾರರು ಸಮುದ್ರಕ್ಕೆ ನೈವೇದ್ಯ ಕೊಡಲು ಹಾಕಿದ್ದ ಚಪ್ಪರವನ್ನು ಗುಂಪೊಂದು ಬಂದು ಹಾಳುಗೆಡವಿತು. ಇದು ಧರ್ಮಕ್ಕೆ ವಿರುದ್ಧ ಎಂಬುದು ಅವರ ವಾದ.

ಒತ್ತಾಯದ ಸಾಮರಸ್ಯವೂ ಉಳಿಯುವುದಿಲ್ಲ. ಮುಸ್ಲಿಮರು ಕ್ರಿಸ್‌ಮಸ್ ಸಮಾರಂಭಗಳಲ್ಲಿ ಪಾಲ್ಗೊಳ್ಳಬಾರದೆಂದು 1981ರಲ್ಲಿ ಉಲೇಮಾ ಮಂಡಳಿ ಫತ್ವಾ ಕೊಟ್ಟಾಗ ಸರ್ಕಾರ ಅದನ್ನು ಹಿಂಪಡೆಯಲು ಒತ್ತಿತು. ಮಂಡಳಿಯ ಅಧ್ಯಕ್ಷ, ಹೆಸರಾಂತ ಸಾಹಿತಿ ಹಮ್ಕಾ ರಾಜೀನಾಮೆ ಕೊಟ್ಟು ಹೊರನಡೆದರು. ಆ ಫತ್ವಾದ ಮಾತು ನನಗೆ ಒಪ್ಪಿಗೆಯಿಲ್ಲ. ಆದರೆ ಮೇಲಿನಿಂದ ಒತ್ತಿ ಕೂಡಿಸಿದ ಕೈಗಳು ಒತ್ತಡ ಸಡಿಲಿದೊಡನೆ ಬೇರೆಯಾಗುತ್ತವೆ ಎಂಬುದಕ್ಕೆ ಆ ಪ್ರಸಂಗ ಸಾಕ್ಷಿ. ಪ್ರತಿ ಡಿಸೆಂಬರಿನಲ್ಲೂ ಆ ಚರ್ಚೆ ಮತ್ತೆ ಏಳುತ್ತದೆ.

ಬಹುಸಂಖ್ಯಾತರೆಂದರೆ ಮುಸ್ಲಿಮರು ಮಾತ್ರವೂ ಅಲ್ಲ. ಬಾಲಿಯಲ್ಲಿ ಬಹುಸಂಖ್ಯಾತರು ಹಿಂದೂಗಳು. ಆರಂಭದಲ್ಲಿ ಹೇಳಿದ 2023ರ ನ್ಯೆಪಿಯಂದೇ ಸುಂಬೆರ್‌ಕ್ಲಂಪೊಕ್ ಎಂಬ ಹಳ್ಳಿಯಲ್ಲಿ ಸಮುದ್ರ ದಂಡೆಗೆ ಹೋಗುವ ದಾರಿಯ ಗೇಟು ತೆರೆಸಿದ್ದಕ್ಕೆ ಇಬ್ಬರು ಮುಸ್ಲಿಮರ ಮೇಲೆ ಧರ್ಮನಿಂದೆಯ ಮೊಕದ್ದಮೆ ನಡೆದು ಜೈಲು ಶಿಕ್ಷೆಯಾಯಿತು. ಮೌನದ ಹಬ್ಬಕ್ಕೆ ಗೌರವ ಸಲ್ಲಬೇಕು, ಸರಿ. ಗೇಟು ತೆರೆದವನನ್ನು ಜೈಲಿಗೆ ಹಾಕಿದರೆ ಆ ಗೌರವ ಹೆಚ್ಚುತ್ತದೆಯೇ?

ನೋಡುವವರ ಕಾಟ

ಬೊರೊಬುದುರ್ ಸ್ತೂಪದಲ್ಲಿ ವೈಶಾಖ ಹುಣ್ಣಿಮೆಗೆ ಭಿಕ್ಷುಗಳು ಮೆಂದುತ್ ಗುಡಿಯಿಂದ ನಡೆದು ಬರುತ್ತಾರೆ. 2013ರಲ್ಲಿ ಪ್ರವಾಸಿಗರ ನೂಕುನುಗ್ಗಲಿನಲ್ಲಿ ಪ್ರಾರ್ಥನೆಯೇ ಕೆಟ್ಟುಹೋಯಿತು. ಧ್ಯಾನಕ್ಕೆ ಕೂತವರ ಮುಖಕ್ಕೇ ಕ್ಯಾಮೆರಾ ಹಿಡಿದರು. ಪರಿಯಾಮನ್‌ನ ತಾಬುಯಿಕ್‌ನ ಕೊನೆಯ ದಿನವನ್ನು ಮೊಹರಂ ಹತ್ತಕ್ಕೆ ಬದಲು ವಾರಾಂತ್ಯಕ್ಕೆ ಹೊಂದಿಸುವುದೂ ಉಂಟು. ಪ್ರವಾಸದ ಹಣದಿಂದ ಕಸುಬುದಾರರ ಹೊಟ್ಟೆ ತುಂಬುತ್ತದೆ, ಮರೆಯುತ್ತಿದ್ದ ಆಚರಣೆಗೆ ಜೀವ ಬರುತ್ತದೆ, ನಿಜ. ಆದರೆ ತಿಥಿಯನ್ನು ನೋಡುಗರ ರಜೆಗೆ ಒಪ್ಪಿಸಿದ ಹಬ್ಬ ಮುಂದೊಂದು ದಿನ ಭಾನುವಾರದ ಪ್ರದರ್ಶನವಾಗಿ ಉಳಿಯುತ್ತದೆ.

ಅಳೆಯುವ ಬಗೆ

ಇಷ್ಟನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ಒಂದು ಮಾತು ಸ್ಪಷ್ಟ. ಇಂಡೊನೇಷ್ಯಾದ ಹಬ್ಬಗಳ ಸೌಹಾರ್ದ ಅಲ್ಲಿನವರ ಹುಟ್ಟುಗುಣವಲ್ಲ, ಅದು ದುಡಿಮೆ. 1945ರಲ್ಲಿ ಬಿಟ್ಟುಕೊಟ್ಟ ಒಂದು ವಾಕ್ಯ, ಬಾಲಿಯವರ ದಶಕದ ವಾದ, 2000ದಲ್ಲಿ ರದ್ದಾದ ಒಂದು ಆದೇಶ, ಕುದುಸ್‌ನ ಕಟುಕರು ತಲೆತಲಾಂತರ ಪಾಲಿಸಿದ ಒಂದು ಮಾತು, ಚರ್ಚಿನ ಮುಂದೆ ನಿಂತ ಸ್ವಯಂಸೇವಕರ ರಾತ್ರಿಗಳು: ಇವೆಲ್ಲ ಸೇರಿ ಅದನ್ನು ಕಟ್ಟಿವೆ. ಕಟ್ಟಿದ್ದನ್ನು ಕೆಡವಲೂಬಹುದು, ಕೆಡವಿದ ನಿದರ್ಶನಗಳೂ ಇವೆ.

ಕ್ಯಾಲೆಂಡರಿನ ರಜೆಗಳನ್ನು ಎಣಿಸಿ ಒಂದು ದೇಶದ ಔದಾರ್ಯವನ್ನು ಅಳೆಯಲಾಗದು. ಪಟ್ಟಿಯಲ್ಲಿ ಹೆಸರೇ ಇಲ್ಲದ ಅತಿ ಚಿಕ್ಕ ಸಮುದಾಯ ತನ್ನ ಹಬ್ಬದ ದಿನ ಯಾರ ಸಹಿಯನ್ನೂ ಕೇಳದೆ ಬೀದಿಗೆ ಬರಬಲ್ಲದೇ, ಬಂದಾಗ ಪಕ್ಕದ ಮನೆಯವನು ಕೈ ಜೋಡಿಸುತ್ತಾನೆಯೇ ಎಂದು ಕೇಳಬೇಕು. ಈ ಅಳತೆಯಲ್ಲಿ ಇಂಡೊನೇಷ್ಯಾ ಹಲವು ಕಡೆ ಗೆದ್ದಿದೆ, ಕೆಲವು ಕಡೆ ಸೋತಿದೆ. ಅದು ಗೆದ್ದ ಕಡೆಗಳಿಂದ ಬಹುಸಂಖ್ಯಾತ ಮತ ಯಾವುದೇ ಇರುವ ದೇಶ ಕಲಿಯುವುದು ಸಾಕಷ್ಟಿದೆ. ಚಿಗುಗುರ್‌ನ ಸುಗ್ಗಿ ಹಬ್ಬಕ್ಕೂ ಅಹ್ಮದೀಯರ ಈದ್‌ಗೂ ನ್ಯೆಪಿಗೆ ಸಿಕ್ಕಷ್ಟೇ ನೆಮ್ಮದಿ ಸಿಗುವವರೆಗೆ ಆ ದುಡಿಮೆ ಮುಗಿಯುವುದಿಲ್ಲ. ಅದನ್ನು ಮುಂದುವರಿಸುವ ಹೊಣೆ ಮೊದಲು ಬಹುಸಂಖ್ಯಾತರದೇ.